ಮರಳುವ ಮಾತು, ಮರಳಲು ಬಿಡದ ಸಾಲ

ಕೆಲವು ವಾರಗಳ ಹಿಂದೆ ತಿಪಟೂರು ಕಡೆಯ ಪರಿಚಿತರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಪ್ರವೇಶ ದೊರೆತಿದೆ. ತೆಂಗಿನ ತೋಟವನ್ನು ಬ್ಯಾಂಕು ಆಧಾರವಾಗಿ ಒಪ್ಪದ ಕಾರಣ ವಾಸದ ಮನೆಯನ್ನೇ ಅಡವಿಟ್ಟು 40 ಲಕ್ಷ ರೂಪಾಯಿ ಸಾಲ ಪಡೆದಿದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಓದು ಮುಗಿದೊಡನೆ ಊರಿಗೆ ಬರುತ್ತೇನೆಂದು ವೀಸಾ ಅಧಿಕಾರಿಯ ಮುಂದೆ ಇವಳು ಹೇಳಬೇಕಂತೆ. ಹಾಗೆ ಬಂದುಬಿಟ್ಟರೆ ಈ ಸಾಲ ತೀರಿಸುವವರು ಯಾರು ಸ್ವಾಮಿ?’

ನನ್ನ ಬಳಿ ಉತ್ತರವಿರಲಿಲ್ಲ. ಆದರೆ ವಿದ್ಯಾರ್ಥಿ ವೀಸಾ ವ್ಯವಸ್ಥೆಯ ಮೂಲ ವಿರೋಧಾಭಾಸವನ್ನು ಆ ಪ್ರಶ್ನೆ ಸರಿಯಾಗಿಯೇ ಗುರುತಿಸಿತ್ತು. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತಾ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಎಫ್-1 ವೀಸಾ ಕೇಳುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲೇ ನೆಲೆಸಲು ಬಂದವನೆಂದು ಮೊದಲೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ವಿದ್ಯಾರ್ಥಿಯದು. ಎಚ್-1ಬಿ ವೀಸಾದಲ್ಲಿ ದುಡಿಯಲು ಹೋಗುವ ಎಂಜಿನಿಯರನಿಗೆ ಈ ಷರತ್ತು ಅನ್ವಯಿಸದು ಎಂಬುದು ಗಮನಾರ್ಹ. ಇನ್ನೊಂದೆಡೆ, ಅದೇ ದೇಶ ಪದವಿಯ ನಂತರ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನ ಓದಿದವರಿಗೆ ಮತ್ತೆ 24 ತಿಂಗಳು ಕೆಲಸ ಮಾಡಲು ಅವಕಾಶ ನೀಡುತ್ತದೆ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಸೆಳೆಯುವುದೂ ಈ ಅವಕಾಶವನ್ನು ಮುಂದಿಟ್ಟೇ. ಕೆಲವೇ ನಿಮಿಷಗಳ ಸಂದರ್ಶನದಲ್ಲಿ ಮಾತ್ರ ವಿದ್ಯಾರ್ಥಿ ಅದನ್ನು ಮರೆತವರಂತೆ ಮಾತನಾಡಬೇಕು.

ಹಣದ ಷರತ್ತು ಈ ವಿರೋಧವನ್ನು ಇನ್ನಷ್ಟು ತೀಕ್ಷ್ಣಗೊಳಿಸಿದೆ. ಕೆನಡಾದಲ್ಲಿ ಜೀವನ ನಿರ್ವಹಣೆಗೆ ತೋರಿಸಬೇಕಾದ ಮೊತ್ತ 2024ರ ಜನವರಿಯಲ್ಲಿ 10,000 ಕೆನಡಾ ಡಾಲರ್‌ಗಳಿಂದ 20,635ಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ 22,895ಕ್ಕೆ ಏರಿತು. ಭಾರತೀಯರಿಗೆ ಅನುಕೂಲವಾಗಿದ್ದ ಅಲ್ಲಿನ ತ್ವರಿತ ಪರಿಶೀಲನಾ ವ್ಯವಸ್ಥೆಯನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಲಾಯಿತು. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ವೀಸಾ ಶುಲ್ಕವನ್ನು 710 ಆಸ್ಟ್ರೇಲಿಯನ್ ಡಾಲರ್‌ಗಳಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಏರಿಸಿತು. ಅರ್ಜಿ ತಿರಸ್ಕೃತವಾದರೆ ಈ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಶ್ರೀಮಂತರಿಗೆ ಇದು ಖರ್ಚು. ಮಧ್ಯಮ ವರ್ಗಕ್ಕೆ ಇದು ಸಾಲ. ಸಾಲ ಹೆಚ್ಚಿದಷ್ಟೂ ಅಲ್ಲಿಯೇ ದುಡಿಯುವ ಅನಿವಾರ್ಯ ಹೆಚ್ಚುತ್ತದೆ. ಅಂದರೆ, ಮರಳಿ ಹೋಗು ಎನ್ನುವ ನಿಯಮವೇ ಮರಳಲಾಗದ ಸ್ಥಿತಿಯನ್ನೂ ನಿರ್ಮಿಸುತ್ತಿದೆ.

ಆತಿಥೇಯ ದೇಶಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ಕೆನಡಾದಲ್ಲಿ ವಸತಿ ಅಭಾವ ತೀವ್ರವಾಗಿತ್ತು. ನಕಲಿ ಪ್ರವೇಶ ಪತ್ರಗಳ ಮೇಲೆ ಅಲ್ಲಿಗೆ ಹೋಗಿದ್ದ ಭಾರತೀಯ ವಿದ್ಯಾರ್ಥಿಗಳ ಪ್ರಕರಣ 2023ರಲ್ಲಿ ಬಯಲಾದಾಗ ನಾವೂ ತಲೆ ತಗ್ಗಿಸಬೇಕಾಯಿತು. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಹಕ್ಕು. ಆದರೆ ನಿಯಮ ಕಟ್ಟುನಿಟ್ಟಾಗಿರುವುದು ಬೇರೆ, ಸುಳ್ಳನ್ನು ಬೇಡುವುದು ಬೇರೆ. ಆಸ್ಟ್ರೇಲಿಯಾ ಶುಲ್ಕದಲ್ಲಿ ಕಠಿಣವಾದರೂ ಈ ಒಂದು ವಿಷಯದಲ್ಲಿ ಪ್ರಾಮಾಣಿಕತೆ ತೋರಿದೆ. 2024ರ ಮಾರ್ಚ್‌ನಲ್ಲಿ ಅದು ‘ತಾತ್ಕಾಲಿಕವಾಗಿ ಮಾತ್ರ ಇರುವ ಉದ್ದೇಶ’ವನ್ನು ಸಾಬೀತುಪಡಿಸುವ ಷರತ್ತನ್ನು ಕೈಬಿಟ್ಟು, ‘ನಿಜವಾಗಿಯೂ ಓದಲು ಬಂದವರೇ’ ಎಂಬುದನ್ನು ಮಾತ್ರ ಪರಿಶೀಲಿಸುವ ನಿಯಮ ತಂದಿತು. ಅಮೆರಿಕದಲ್ಲಿ ಇಂಥ ಬದಲಾವಣೆಗೆ ಅವಕಾಶವಿದ್ದ ಮಸೂದೆ 2021ರಲ್ಲಿ ಮಂಡನೆಯಾಯಿತಾದರೂ ಕಾಯ್ದೆಯಾಗಲಿಲ್ಲ. ಬದಲಿಗೆ 2025ರ ಮೇ ತಿಂಗಳಲ್ಲಿ ಹೊಸ ಸಂದರ್ಶನಗಳ ನಿಗದಿಯೇ ಕೆಲವು ವಾರ ಸ್ಥಗಿತವಾಯಿತು. ಬಳಿಕ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲನೆಗೆ ತೆರೆದಿಡಬೇಕೆಂಬ ಸೂಚನೆ ಹೊರಟಿತು.

ಪರದೇಶದ ಕಾನೂನನ್ನು ನಾವು ತಿದ್ದಲಾರೆವು. ನಮ್ಮ ಕೈಯಲ್ಲಿರುವುದನ್ನಾದರೂ ಮಾಡಿದ್ದೇವೆಯೇ? ವಿದೇಶಾಂಗ ಸಚಿವಾಲಯದ ಲೆಕ್ಕದಂತೆ 2024ರಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಹೊರದೇಶಗಳಲ್ಲಿದ್ದರು. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳಿಗೆ ಕೇಂದ್ರ ನೀಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಜಾಗಗಳು ಇಡೀ ದೇಶಕ್ಕೆ ವರ್ಷಕ್ಕೆ 125 ಮಾತ್ರ. ವಿದೇಶಕ್ಕೆ ಕೂಲಿಕಾರರನ್ನು ಕಳುಹಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ ಮಾಡಲಾಯಿತು. ಲಕ್ಷಗಟ್ಟಲೆ ವ್ಯವಹರಿಸುವ ಶಿಕ್ಷಣ ಸಲಹಾ ಕೇಂದ್ರಗಳನ್ನು ಆ ಕಾಯ್ದೆ ಮುಟ್ಟಲಿಲ್ಲ. ನಮ್ಮಲ್ಲಿ ಇವು ಜಿಲ್ಲಾ ಕೇಂದ್ರಗಳಿಗೂ ಹಬ್ಬಿವೆ. ಇವುಗಳ ನೋಂದಣಿ, ವಿಶ್ವವಿದ್ಯಾಲಯದಿಂದ ಪಡೆಯುವ ಕಮಿಷನ್ನಿನ ಬಹಿರಂಗ ಘೋಷಣೆ, ವೀಸಾ ನಿರಾಕರಣೆಯಾದರೆ ಶುಲ್ಕ ಮರುಪಾವತಿ, ಪ್ರತಿ ಜಿಲ್ಲೆಯಲ್ಲಿ ಉಚಿತ ಮಾಹಿತಿ ಕೇಂದ್ರ: ಇವು ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ. ಹಿಂದಿರುಗಿ ಬಂದವರ ಸಾಲಕ್ಕೆ ಮರುಪಾವತಿ ಅವಧಿ ವಿಸ್ತರಿಸಿ ಬಡ್ಡಿ ರಿಯಾಯಿತಿ ಕೊಟ್ಟರೆ, ಮರಳುವ ಮಾತಿಗೂ ಒಂದಿಷ್ಟು ಅರ್ಥ ಬಂದೀತು.

ಆ ಹುಡುಗಿ ಮುಂದಿನ ವಾರ ಸಂದರ್ಶನಕ್ಕಾಗಿ ಚೆನ್ನೈಗೆ ಹೊರಡುತ್ತಾಳೆ. ಊರಿಗೆ ಖಂಡಿತ ಹಿಂದಿರುಗುತ್ತೇನೆ ಎಂದು ಅವಳು ಅಲ್ಲಿ ಹೇಳಲಿದ್ದಾಳೆ. ಆ ಮಾತು ಸುಳ್ಳಾಗಬಾರದೆಂದು ಅವಳ ತಂದೆಗೂ ಆಸೆಯಿದೆ. ಆದರೆ ಅವರ ಮನೆಯ ಪತ್ರ ಬ್ಯಾಂಕಿನಲ್ಲಿದೆ.