ಔಷಧಿ ಡಬ್ಬಿ ತೊಳೆದರೆ ನೀರಿನ ಡಬ್ಬಿ ಆಗಲ್ಲ

ಉಪ್ಪಿನಕಾಯಿ ಬಾಟಲಿ ಖಾಲಿಯಾದರೆ ಅದಕ್ಕೆ ಸಾಸಿವೆ ತುಂಬುತ್ತೇವೆ. ಪೇಟೆಯವರು ಉರಿದು ಮುಗಿದ ಮೇಣದಬತ್ತಿಯ ಗಾಜಿನ ಜಾಡಿಗೆ ಬಿಸಿನೀರು ಹಾಕಿ, ಮೇಣ ಕೆರೆದು ತೆಗೆದು, ಅದನ್ನೇ ವಿಡಿಯೊ ಮಾಡಿ ಹಾಕುತ್ತಾರೆ. ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬಿಸಾಡದೆ ಬಳಸುವುದು ಒಳ್ಳೆಯ ಗುಣವೇ. ಆದರೆ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆ ಈ ಗುಣ ಔಷಧಿ ಡಬ್ಬಿಗೂ ಅಂಟಿಕೊಂಡಿದೆ. ನಮ್ಮ ತಕರಾರು ಅಲ್ಲೇ.

ಹೆಸರಲ್ಲೇ ಮೋಸ ಇದೆ ನೋಡಿ. ಹೊಡೆಯುವುದು ವಿಷ, ಕರೆಯುವುದು ಔಷಧಿ. ಕೆಲವು ಊರಲ್ಲಿ ಎಣ್ಣೆ. ಡಬ್ಬಿ ಗಟ್ಟಿ, ಹಿಡಿಕೆ ಇದೆ, ಮುಚ್ಚಳ ಬಿಗಿ. ಹಾಗಾಗಿ ಐದು ಲೀಟರಿನದು ಹೊಲಕ್ಕೆ ನೀರು ಒಯ್ಯಲು, ಒಂದು ಲೀಟರಿನದು ಸಂಡಾಸಿಗೆ, ಅಗಲ ಬಾಯಿಯದು ಬೀಜ ಇಡಲು. ಕೇಳಿದರೆ, "ಸರ್ಫ್ ಹಾಕಿ ಮೂರು ಸಲ ತೊಳದೀವ್ರೀ, ವಾಸನಿ ಇಲ್ಲ" ಅನ್ನುತ್ತಾರೆ.

ಗಾಜು ಏನನ್ನೂ ಹೀರುವುದಿಲ್ಲ, ತಿಕ್ಕಿದರೆ ಹೋಗುತ್ತದೆ. ಪ್ಲಾಸ್ಟಿಕ್ ಹಾಗಲ್ಲ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಔಷಧಿಗಳಿವೆಯಲ್ಲ, ಅವುಗಳಲ್ಲಿ ವಿಷವನ್ನು ಕರಗಿಸಿಟ್ಟಿರುವುದು ಪೆಟ್ರೋಲಿನ ಜಾತಿಯ ದ್ರಾವಣದಲ್ಲಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ನಿಂತಾಗ ಅದು ಗೋಡೆಯೊಳಕ್ಕೆ ಇಳಿಯುತ್ತದೆ. ಮುಚ್ಚಳದ ಸುತ್ತು, ಟೊಳ್ಳು ಹಿಡಿಕೆ, ಒಳಗಿನ ಮೂಲೆ, ಅಲ್ಲಿಗೆ ಯಾವ ಕೈಯೂ ಹೋಗುವುದಿಲ್ಲ. ಒಳಗಿಳಿದದ್ದು ಆಮೇಲೆ ನೀರಿಗೋ ಎಣ್ಣೆಗೋ ನಿಧಾನಕ್ಕೆ ಬಿಡುತ್ತದೆ. ವಾಸನೆ ಹೋಯಿತು ಅಂದರೆ ವಿಷ ಹೋಯಿತು ಅಂತಲ್ಲ. ತೊಳೆದ ನೀರಾದರೂ ಎಲ್ಲಿಗೆ ಹೋಯಿತು? ಕಾಲುವೆಗೆ, ಇಲ್ಲವೇ ದನ ನೀರು ಕುಡಿಯುವ ತೊಟ್ಟಿಯ ಬುಡಕ್ಕೆ.

2013ರ ಜುಲೈ ನೆನಪಿರಲಿ. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಊರಿನ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತೆಂದು ಪ್ರಯೋಗಾಲಯ ಹೇಳಿತು. ಎಣ್ಣೆ ಇಟ್ಟಿದ್ದು ಕೀಟನಾಶಕದ ಡಬ್ಬಿಯಲ್ಲಿ ಎಂದು ಆಗ ವರದಿಗಳು ಬಂದವು. ಹತ್ತಿ ಬೆಳೆದವರಿಗೆ ಆ ಹೆಸರು ಹೊಸದಲ್ಲ. ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆ ಇರುವ ವಿಷ ಅದು.

ಇಷ್ಟು ಹೇಳಿದ ಕೂಡಲೇ ಸಭೆಗಳಲ್ಲಿ ಒಂದು ಮಾತು ಬರುತ್ತದೆ: "ರೈತರಲ್ಲಿ ಅರಿವಿಲ್ಲ." ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ಅರಿವು ಯಾರಿಗಿಲ್ಲ? 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿ ಮತ್ತೆ ಬಳಕೆಯಾಗದಂತೆ ನೋಡಿಕೊಳ್ಳಬೇಕು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತವೆ. ಆ ಕೆಲಸವನ್ನು ಬಳಸುವವರ ಮೇಲಷ್ಟೇ ಹೊರಿಸಿಲ್ಲ, ತಯಾರಿಸುವವರ ಹೆಸರನ್ನೂ ಬರೆದಿವೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲೂ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆ ಕಂಪನಿಯದೇ. ಆದರೂ ಹಂಗಾಮು ಬಂದಾಗ ಊರೂರಿಗೆ ಗಾಡಿ ಕಳಿಸಿ ಔಷಧಿ ಮಾರುವ ಕಂಪನಿಯವರು, ಹಂಗಾಮು ಮುಗಿದ ಮೇಲೆ ಡಬ್ಬಿ ಒಯ್ಯಲು ಒಂದು ಗಾಡಿಯನ್ನೂ ಕಳಿಸಿದ್ದನ್ನು ನಾವು ಕಂಡಿಲ್ಲ. ಬರುವವನು ಗುಜರಿಯವನು ಮಾತ್ರ. ಅವನು ಕಾಸು ಕೊಟ್ಟು ಒಯ್ಯುವ ಡಬ್ಬಿ ನಾಳೆ ಯಾವ ಬಕೆಟ್ಟಾಗಿ ನಮ್ಮ ಸಂತೆಗೇ ಬರುತ್ತದೋ!

ಆಗದ ಕೆಲಸವೇನಲ್ಲ ಇದು. ಬ್ರೆಜಿಲ್ 2000ದಲ್ಲೇ ಕಾನೂನು ಮಾಡಿತು. ರೈತ ಡಬ್ಬಿ ತೊಳೆದು ವಾಪಸ್ ಕೊಡಬೇಕು, ಎಲ್ಲಿ ಕೊಡಬೇಕೆಂದು ಅಂಗಡಿಯವನು ಬಿಲ್ಲಿನಲ್ಲೇ ಬರೆಯಬೇಕು, ಕಂಪನಿ ಅಲ್ಲಿಂದ ಒಯ್ಯಬೇಕು. ಅಲ್ಲಿಯವರೂ ನಮ್ಮಂತೆ ಹತ್ತಿ, ಕಬ್ಬು ಬೆಳೆಯುವವರೇ.

ಅಲ್ಲಿಯವರೆಗೆ ನಮ್ಮ ಕೈಲಾಗುವುದು ಇಷ್ಟಿದೆ. ಔಷಧಿ ಕಲಸುವಾಗಲೇ ಖಾಲಿ ಡಬ್ಬಿಗೆ ಕಾಲು ಭಾಗ ನೀರು ಹಾಕಿ, ಮುಚ್ಚಿ ಅರ್ಧ ನಿಮಿಷ ಕುಲುಕಿ, ಆ ನೀರನ್ನು ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ. ದುಡ್ಡು ಕೊಟ್ಟ ಔಷಧಿ ಹನಿಯೂ ಹಾಳಾಗುವುದಿಲ್ಲ. ಆಮೇಲೆ ಬುಡಕ್ಕೆ ಕುಡುಗೋಲು ಹಾಕಿ ತೂತು ಮಾಡಿ. ತೂತಾದ ಡಬ್ಬಿಯನ್ನು ಯಾವ ಅತ್ತೆಯೂ ಅಡುಗೆ ಮನೆಗೆ ಎತ್ತಿಡುವುದಿಲ್ಲ. ಸುಡಬೇಡಿ, ಆ ಹೊಗೆಯೂ ವಿಷವೇ.

ಆ ತೂತಿನ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ, ಮುಂದಿನ ಸಲ ಔಷಧಿ ತರಲು ಹೋದಾಗ ಅಂಗಡಿಯ ಕಟ್ಟೆ ಮೇಲೆ ಇಟ್ಟು ಕೇಳಿ: "ಇವನ್ನ ಎಲ್ಲಿ ಕೊಡೋದ್ರೀ ಸಾವ್ಕಾರ್ರೇ?" ಅವರು ಕೊಡುವ ಉತ್ತರವನ್ನು ನಮಗೆ ಬರೆದು ಕಳಿಸಿ. ಒಂದನ್ನೂ ಬಿಡದೆ ಇಲ್ಲೇ ಹಾಕುತ್ತೇವೆ.