ಭಾವನಿಗೊಂದು ಪಿಸ್ತೂಲು

ಧೂಳು ಹಿಡಿದ ಬ್ಲಾಗಿಗೆ ಒಂದು ನಮಸ್ಕಾರ. ಇಲ್ಲಿ ಬರೆಯದೆ ಮೂರ್ನಾಲ್ಕು ತಿಂಗಳಾಯ್ತು. ಊರಿನ ಮಳೆ ಬಗ್ಗೆ ಅರ್ಧ ಬರೆದಿಟ್ಟ ಲೇಖನವೊಂದು ಡ್ರಾಫ್ಟಿನಲ್ಲೇ ಕೊಳೆಯುತ್ತಿದೆ. ಆದರೆ ಒಂದೂವರೆ ತಿಂಗಳಿಂದ ತಲೆಯಲ್ಲಿ ಮಳೆ ಇಲ್ಲ, ಪಿಸ್ತೂಲು ಇದೆ. ಹೌದು, ಸರಿಯಾಗೇ ಓದಿದಿರಿ :-)

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕ. ಇಲ್ಲಿಗೆ ನಲವತ್ತು ನಿಮಿಷದ ದಾರಿಯಲ್ಲಿ ನನ್ನ ದೊಡ್ಡಮ್ಮನ ಮಗಳು, ಭಾವ, ಅವರ ಎಂಟು ವರ್ಷದ ಮಗ ಇದ್ದಾರೆ. ಭಾವ ಹದಿನೆಂಟು ವರ್ಷದಿಂದ ಇಲ್ಲೇ ಇದ್ದು ಈಗ ಇಲ್ಲಿನ ನಾಗರಿಕರೇ ಆಗಿದ್ದಾರೆ. 2023ರಲ್ಲಿ ಕೆಲಸ ಹೋಯಿತು. ಆರು ತಿಂಗಳು ಅಲೆದು, ಕೊನೆಗೆ ಉಳಿತಾಯವನ್ನೆಲ್ಲ ಹಾಕಿ, ಒಬ್ಬ ಪಾರ್ಟ್‌ನರ್ ಜತೆ ಗ್ಯಾಸ್ ಸ್ಟೇಷನ್ನಿನ ಅಂಗಡಿಯೊಂದನ್ನು ಹಿಡಿದರು. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕೋದು. ಒಂದು ರಾತ್ರಿ, ಹತ್ತೂ ಮುಕ್ಕಾಲರ ಹೊತ್ತಿಗೆ, ಟೋಪಿ ಹಾಕಿದ್ದ ಒಬ್ಬ ಒಳಗೆ ಬಂದ. ಭಾವ ಸಿಗರೇಟ್ ಜೋಡಿಸುತ್ತಾ ಅವನಿಗೆ ಬೆನ್ನು ಹಾಕಿ ನಿಂತಿದ್ದರು. ತಿರುಗಿ ನೋಡುವಷ್ಟರಲ್ಲಿ ಅವನ ಕೈಯಲ್ಲಿ ಪಿಸ್ತೂಲಿತ್ತು. ಗಲ್ಲಾದಲ್ಲಿದ್ದ ಮುನ್ನೂರು ಚಿಲ್ಲರೆ ಡಾಲರ್ ತಗೊಂಡು ಹೋದ. ಯಾರಿಗೂ ಏನೂ ಆಗಲಿಲ್ಲ.

ಮಾರನೇ ವಾರ ಭಾವನ ಫೋನು. "ನೀನು ಏನೇ ತಗೊಂಡ್ರೂ ಎಕ್ಸೆಲ್ ಮಾಡಿ ತಗೊಳ್ಳೋನಲ್ವೇನೋ ಮಾರಾಯ. ನಂಗೊಂದು ಪಿಸ್ತೂಲು ಆರಿಸಿಕೊಡು. ದಿನಾ ಸೊಂಟದಲ್ಲಿ ಇಟ್ಕೊಂಡು ಓಡಾಡೋ ಹಂಗಿರ್ಬೇಕು."

ನಿಜ, ನಾನು ಪ್ರೆಷರ್ ಕುಕ್ಕರ್‌ಗೂ ಎಕ್ಸೆಲ್ ಮಾಡಿದವನು. ಮಾಡ್ತೀನಿ ಅಂದೆ.

ತಮಾಷೆ ಏನಪ್ಪಾ ಅಂದ್ರೆ, ನಾನು ಆರಿಸಿ ಕೊಡಬಹುದೇ ಹೊರತು ಮುಟ್ಟುವ ಹಾಗಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದೂ ಅದರಲ್ಲೇ ಬರುತ್ತೆ. ಅದಕ್ಕೊಂದು ವಿನಾಯಿತಿ ಇದೆ, ಕೇಳಿದರೆ ನಗ್ತೀರಿ. ಬೇಟೆಯ ಲೈಸೆನ್ಸ್ ಇದ್ದರೆ ಆಗಬಹುದು! ಅಂದರೆ ಜಿಂಕೆ ಹೊಡೀತೀನಿ ಅಂತ ಒಂದು ಚೀಟಿ ಮಾಡಿಸಿಕೊಂಡರೆ ನಾನೂ ಅಂಗಡಿಗೆ ಹೋಗಬಹುದು. ಮಾಡಿಸಿಕೊಂಡ ಗೆಳೆಯರೂ ಇದ್ದಾರೆ. ಜಿಂಕೆಯನ್ನು ಕಣ್ಣಲ್ಲಾದರೂ ನೋಡಿದ್ದಾರೋ ಇಲ್ಲವೋ, ಆ ಪ್ರಶ್ನೆ ಕೇಳಬಾರದು. ನಾನು ಮಾಡಿಸಲಿಲ್ಲ.

ಸರಿ, ಎಕ್ಸೆಲ್ಲಿಗೆ ಬರೋಣ. ಕೊನೆಗೆ ಉಳಿದದ್ದು ಮೂರು ಸಾಲು. ಒಂದು ಗ್ಲಾಕ್ 19. 1988ರಿಂದ ಬರ್ತಾ ಇರುವ ಮಧ್ಯಮ ಗಾತ್ರದ್ದು. 15 ಗುಂಡು, ಸುಮಾರು 4 ಇಂಚಿನ ನಳಿಗೆ, ಖಾಲಿ ಮ್ಯಾಗಝೀನ್ ಸಮೇತ ಸುಮಾರು 670 ಗ್ರಾಂ. ಇನ್ನೊಂದು ಸಿಗ್ ಪಿ365, 2018ರಲ್ಲಿ ಬಂದದ್ದು. ಅಂಗೈಯಷ್ಟೇ ಇದೆ, ಆದರೂ 10 ಗುಂಡು ಹಿಡಿಸುತ್ತೆ, ತೂಕ 500 ಗ್ರಾಂ ಆಸುಪಾಸು. ಇದು ಬಂದ ಮೇಲೆ ಬೇರೆ ಕಂಪನಿಗಳೂ ಸಣ್ಣದರಲ್ಲಿ ಜಾಸ್ತಿ ಗುಂಡು ತುಂಬುವ ಹಿಂದೆ ಬಿದ್ದವು. ಮೂರನೆಯದು ಸ್ಮಿತ್ ಅಂಡ್ ವೆಸನ್ 642, ಐದೇ ಗುಂಡಿನ ಪುಟ್ಟ ರಿವಾಲ್ವರ್. 400 ಗ್ರಾಂ ಚಿಲ್ಲರೆ ತೂಗುತ್ತೆ, ಜೇಬಿಗೆ ಹಾಕಿಕೊಂಡರೆ ಗೊತ್ತೇ ಆಗಲ್ಲ. ಭಾವನ ಕಣ್ಣು ಮೊದಲಿಂದಲೂ ಅದರ ಮೇಲೇ.

ಗುಂಡಿನ ಅಳತೆ ಬಗ್ಗೆ ಇಲ್ಲಿನವರು ಜಗಳ ಆಡುವುದು ನೋಡಿದರೆ ನಮ್ಮ ಕಡೆ ಇಡ್ಲಿ-ದೋಸೆ ಜಗಳ ಏನೂ ಅಲ್ಲ. 9 ಎಂಎಂ ಗುಂಡು 1902ರಷ್ಟು ಹಳೆಯದು, ಆಸ್ಟ್ರಿಯಾದ ಗೇಯಾರ್ಗ್ ಲೂಗರ್ ಮಾಡಿದ್ದು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತಾಗ, 9 ಎಂಎಂ ಸಾಕಾಗಲ್ಲ ಅಂತ ತೀರ್ಮಾನಿಸಿ ಅವರು ದೊಡ್ಡ ಗುಂಡಿಗೆ ಹೋದರು. ಇಪ್ಪತ್ತೈದು ಮೂವತ್ತು ವರ್ಷ ಕಳೆದ ಮೇಲೆ ವಾಪಸ್ 9 ಎಂಎಂಗೇ ಬಂದರು. ಅಷ್ಟರಲ್ಲಿ ಗುಂಡುಗಳ ವಿನ್ಯಾಸ ಸುಧಾರಿಸಿತ್ತು, ಒದೆತ ಕಡಿಮೆ ಇರುವುದರಲ್ಲಿ ಹೆಚ್ಚಿನವರ ಗುರಿಯೂ ಚೆನ್ನಾಗಿತ್ತು. ನನ್ನ ಮಟ್ಟಿಗೆ ಆ ಜಗಳ ಅಲ್ಲಿಗೆ ಮುಗೀತು.

ಒದೆತ ಅಂದಾಗ ಪಿಯುಸಿ ಫಿಸಿಕ್ಸ್ ನೆನಪು ಮಾಡಿಕೊಳ್ಳಿ. 8 ಗ್ರಾಂ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಮುಂದೆ ಹೋದರೆ, 670 ಗ್ರಾಂ ಪಿಸ್ತೂಲು ಸೆಕೆಂಡಿಗೆ 4 ಮೀಟರಿನ ಮೇಲೆ ಹಿಂದೆ ಬರಬೇಕು, 500 ಗ್ರಾಂನದು 5.6 ಮೀಟರ್. (ತುಂಬಿದ ಗುಂಡುಗಳ ತೂಕ, ಗ್ಯಾಸು ಎಲ್ಲ ಬಿಟ್ಟು ಮಾಡಿದ ಕೈಲೆಕ್ಕ ಇದು, ಮೇಷ್ಟ್ರುಗಳು ಕ್ಷಮಿಸಬೇಕು.) ಇಟ್ಟುಕೊಳ್ಳಲು ಎಷ್ಟು ಸುಖವೋ ಹೊಡೆಯಲು ಅಷ್ಟು ಕಷ್ಟ. ಅಂಗಡಿಯವರು ಈ ಮಾತನ್ನು ಮೊದಲು ಹೇಳಲ್ಲ. ಹೊಸಬರ ಕೈಗೆ, ಅದರಲ್ಲೂ ಹೆಂಗಸರ ಕೈಗೆ, ಅತಿ ಸಣ್ಣದನ್ನೇ ಕೊಡ್ತಾರೆ.

ಒಂದು ಶನಿವಾರ ರೇಂಜಿಗೆ ಹೋದೆವು. ಮೂರನ್ನೂ ಬಾಡಿಗೆಗೆ ತಗೊಂಡು ಭಾವ ಒಳಗೆ ಹೋದರು. ನಾನು ಕಿವಿಗೆ ಮಫ್ ಹಾಕಿಕೊಂಡು ಗಾಜಿನ ಹಿಂದೆ, ಬೇರೆಯವರ ಮದುವೆಗೆ ಬಂದವನ ಹಾಗೆ ನಿಂತೆ. ಮಫ್ ಇದ್ದರೂ ಆ ಶಬ್ದ ಎದೆಗೆ ಬಡಿಯುತ್ತೆ. ಏಳು ಗಜ ದೂರದ ಕಾಗದಕ್ಕೆ ಗ್ಲಾಕಿನಲ್ಲಿ ಹೊಡೆದದ್ದೆಲ್ಲ ಒಂದು ಊಟದ ತಟ್ಟೆಯೊಳಗೆ ಬಿತ್ತು. ಸಿಗ್‌ನಲ್ಲಿ ತಟ್ಟೆ ಹರಿವಾಣವಾಯಿತು. ರಿವಾಲ್ವರಿನ ಮೊದಲ ಐದರಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ. ಅದರ ಟ್ರಿಗರ್ (ನಮ್ಮೂರಲ್ಲಿ ಕುದುರೆ ಅಂತೀವಿ) ಎಳೆಯಲು 5 ಕೆಜಿಯಷ್ಟು ಬಲ ಬೇಕು. ಎಳೆಯುವಷ್ಟರಲ್ಲಿ ಗುರಿ ಎಲ್ಲೋ ಹೋಗಿರುತ್ತೆ. ಹೊರಗೆ ಬಂದಾಗ ಭಾವನ ಅಂಗೈ ಕೆಂಪಾಗಿತ್ತು. "ಇದು ಆಟಿಗೆ ಸಾಮಾನಲ್ಲ ಮಾರಾಯ" ಅಂದರು.

ಇಲ್ಲಿಗೆ ನನ್ನ ಅಭಿಪ್ರಾಯದ ಅರ್ಧ ಭಾಗ ಹೇಳಿಬಿಡ್ತೀನಿ. ಇಟ್ಟುಕೊಳ್ಳಲೇಬೇಕು ಅನ್ನುವವರು ಮಧ್ಯಮ ಗಾತ್ರದ, ಹೆಸರು ಕೆಡಿಸಿಕೊಳ್ಳದ, ಒಂದು 9 ಎಂಎಂ ತಗೊಳ್ಳಿ. ಎಷ್ಟು ದುಡ್ಡು ಪಿಸ್ತೂಲಿಗೆ ಇಟ್ಟಿದ್ದೀರೋ ಅಷ್ಟನ್ನೇ ಕಲಿಕೆಗೆ, ಗುಂಡಿಗೆ, ಹೋಲ್‌ಸ್ಟರಿಗೆ ಇಡಿ. ಹೋಲ್‌ಸ್ಟರ್ ವಿಷಯದಲ್ಲಿ ಜಿಪುಣತನ ಮಾಡಿದವರ ಕಥೆಗಳು ಓದಲಿಕ್ಕೇ ಹೆದರಿಕೆ ಆಗ್ತವೆ. ಗ್ಲಾಕಿನಂಥವಕ್ಕೆ ಹೊರಗಡೆ ಬೆರಳಲ್ಲಿ ತಿರುಗಿಸುವ ಸೇಫ್ಟಿ ಇಲ್ಲ. ಟ್ರಿಗರ್ ಎಳೆದರೆ ಹಾರುತ್ತೆ, ಎಳೆದದ್ದು ಬೆರಳೋ ಜಾಕೆಟ್ಟಿನ ದಾರವೋ ಅಂತ ಅದು ಕೇಳಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಬೇಕು.

ಇನ್ನು ದಿನಾ ಇಟ್ಟುಕೊಂಡು ಓಡಾಡೋದು ಅನ್ನುವುದನ್ನು ನಾವಿಬ್ಬರೂ ಸುಲಭ ಅಂದುಕೊಂಡಿದ್ದೆವು. 2021ರ ಸೆಪ್ಟೆಂಬರಿನಿಂದ ಟೆಕ್ಸಸ್‌ನಲ್ಲಿ 21 ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರೂ ಪರ್ಮಿಟ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳಬಹುದು. ಆದರೆ ಫೆಡರಲ್ ಕಾನೂನು ಬೇರೆ ಇದೆಯಲ್ಲ, ಅದು ಶಾಲೆಯ 1000 ಅಡಿ ಸುತ್ತಳತೆಯಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಒಪ್ಪಲ್ಲ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ. ಭಾವ ದಿನಾ ಬೆಳಗ್ಗೆ ಮಗನನ್ನು ಶಾಲೆಗೆ ಬಿಡ್ತಾರೆ! ಹಾಗಾಗಿ 40 ಡಾಲರ್ ಕಟ್ಟಿ, ತರಗತಿಗೆ ಹೋಗಿ, 50 ಗುಂಡಿನ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೊಳ್ಳೋದೇ ವಾಸಿ. ಲೈಸೆನ್ಸ್ ಇದ್ದರೂ ಶಾಲೆಯೊಳಗೆ ಇಲ್ಲ, ಕೋರ್ಟಿನೊಳಗೆ ಇಲ್ಲ, ಬಾರಿನೊಳಗೆ ಇಲ್ಲ, ಬೋರ್ಡು ಹಾಕಿದ ಅಂಗಡಿಯೊಳಗೂ ಇಲ್ಲ. ಹಾಗಾದಾಗಲೆಲ್ಲ ಕಾರಿನಲ್ಲಿ ಬಿಡಬೇಕು, ಕಾರಿನಿಂದ ಕಳ್ಳರು ಎತ್ತಿಕೊಂಡು ಹೋಗ್ತಾರೆ. ಅಕ್ಕ ಒಂದೇ ಮಾತಲ್ಲಿ ಮುಗಿಸಿದಳು: "ದೇವಸ್ಥಾನಕ್ಕೆ ಹೋದ್ರೆ ಚಪ್ಪಲಿ ಬಾಗಿಲಲ್ಲಿ ಬಿಡ್ತೀವಿ. ಇದನ್ನ ಎಲ್ಲಿ ಬಿಡೋದು?"

ನಾನು ಬಂದೂಕು ಕಾಣದೆ ಬೆಳೆದವನಲ್ಲ. ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದು. ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಒಂದು ಈಡು ಹೊಡೆದರೆ ಇಡೀ ಕೇರಿ ಏಳುತ್ತಿತ್ತು. ಚುನಾವಣೆ ಬಂತು ಅಂದರೆ ಅದನ್ನು ಠಾಣೆಗೆ ಕೊಟ್ಟು ಬರಬೇಕು, ಅಜ್ಜ ಸರ್ಕಾರಕ್ಕೆ ಬೈದುಕೊಳ್ಳುತ್ತಾ ಬಸ್ಸು ಹತ್ತುತ್ತಿದ್ದರು. ಕೊಡಗಿನವರಿಗಂತೂ ಕೋವಿ ದೇವರ ಸಮ, ಕೈಲ್ ಪೊಳ್ದ್ ದಿನ ಪೂಜೆ ಮಾಡ್ತಾರೆ. ಆದರೆ ಅಜ್ಜನ ಕೋವಿ ಹಂದಿಗೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಎದುರಿಗೆ ಬರುವ ಪ್ರತಿ ಮನುಷ್ಯನನ್ನು "ಇವನು ಇರಬಹುದಾ" ಅಂತ ನೋಡುತ್ತಾ ಪೇಟೆಗೆ ಹೋಗುವ ಕಲ್ಪನೆ ಅವರಿಗೆ ಇರಲಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆ ಅಂತ ನಿರ್ಭೀಕ್ ಅನ್ನುವ ಅರ್ಧ ಕೆಜಿ ರಿವಾಲ್ವರ್ ಬಿಟ್ಟಿತ್ತು, ಬೆಲೆ ಲಕ್ಷಕ್ಕೂ ಮೇಲೆ. ರಾತ್ರಿ ಬಸ್ಸಿಗೆ ಕಾಯುವ ಹುಡುಗಿಯ ಪರ್ಸಿಗೆ ಅದು ಎಟುಕುವುದಾದರೂ ಹೇಗೆ?

ಇಲ್ಲಿಟ್ಟುಕೊಳ್ಳುವವರೆಲ್ಲ ಹುಚ್ಚರು ಅಂತ ನಾನು ಹೇಳುತ್ತಿಲ್ಲ. ಹೈವೇ ಪಕ್ಕ ಒಂಟಿ ಅಂಗಡಿ, ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಏಸಿ ಆಫೀಸಿನಲ್ಲಿ ಕೂತು ಕೋಡ್ ಬರೆಯುವ ನಾನು ಭಾವನಿಗೆ ಧೈರ್ಯ ಹೇಳುವುದು ಸುಲಭ. ಆದರೆ ಅವತ್ತು ರಾತ್ರಿ ಅವರ ಸೊಂಟದಲ್ಲಿ ಪಿಸ್ತೂಲಿದ್ದಿದ್ದರೆ? ಬಂದವನ ಕೈಯಲ್ಲಿ ಆಗಲೇ ಇತ್ತು. ಭಾವನ ಎರಡೂ ಕೈ ಸಿಗರೇಟ್ ರ‍್ಯಾಕಿನಲ್ಲಿ. ಅಂಗಿ ಎತ್ತಿ, ಎಳೆದು, ಗುರಿ ಇಡಲು ಪಳಗಿದವರಿಗೇ ಒಂದೂವರೆ ಎರಡು ಸೆಕೆಂಡ್ ಬೇಕು. ಮುನ್ನೂರು ಡಾಲರ್ ಉಳಿಸಲು ಹೋಗಿ ಅಕ್ಕ ಏನು ಕಳೆದುಕೊಳ್ಳುತ್ತಿದ್ದಳೋ. ಇದನ್ನು ಹೇಳಿದೆ. "ಮುಂದಿನ ಸಲ ಬೆನ್ನು ಹಾಕಿ ನಿಂತ್ಕೊಳ್ಳಲ್ಲ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜವಾದ ಸಂಗತಿ ಬೇರೆಯೇ ಇತ್ತು. ಆ ಭಾನುವಾರ ಅಕ್ಕ ಒಬ್ಬಳೇ ಫೋನ್ ಮಾಡಿದಳು. "ಅವರು ನಿದ್ದೆ ಮಾಡ್ತಿಲ್ಲ ಕಣೋ. ಕಳ್ಳ ಬಂದಾಗಿಂದ ಅಲ್ಲ, ಕೆಲಸ ಹೋದಾಗಿಂದ. ಮೊನ್ನೆ, ನಾನಿಲ್ದಿದ್ರೆ ನಿಮ್ಗೇ ವಾಸಿ ಅಂದ್ರು. ಇಂಥ ಟೈಮಲ್ಲಿ ಮನೇಗೆ ಅದನ್ನ ತರಬೇಕಾ?"

ನಾನು ಒಂದೂವರೆ ತಿಂಗಳಿಂದ ಗ್ರಾಂ, ಇಂಚು, ಗುಂಡುಗಳ ಲೆಕ್ಕ ಹಾಕುತ್ತಿದ್ದೆ. ಲೆಕ್ಕಗಳನ್ನು ಹುಡುಕುವಾಗಲೇ ಒಂದು ಅಂಕಿ ಕಣ್ಣಿಗೆ ಬಿದ್ದಿತ್ತು, ನೋಡಿ ಮುಂದೆ ಹೋಗಿದ್ದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅದರಲ್ಲಿ 26,328 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ. ಕಳ್ಳನಿಗೆ ಅಂತ ತಂದಿಟ್ಟದ್ದು ಮನೆಯವರಿಗೇ ಎದುರಾಗುವುದು ಇಲ್ಲಿ ಅಪರೂಪವಲ್ಲ. ಒಂದು ಕೆಟ್ಟ ರಾತ್ರಿ ಕಳೆದರೆ ಬೆಳಗ್ಗೆ ಮನಸ್ಸು ಬದಲಾಗಬಹುದು. ಆ ಬೆಳಗು ಬರಬೇಕು ಅಂದರೆ ರಾತ್ರಿ ಅದು ಕೈಗೆ ಸಿಗಬಾರದು. ನನ್ನ ಎಕ್ಸೆಲ್ಲಿನಲ್ಲಿ ಹದಿನಾಲ್ಕು ಕಾಲಂ ಇದ್ದವು, "ಇಟ್ಟುಕೊಳ್ಳುವವರು ಹೇಗಿದ್ದಾರೆ" ಅನ್ನುವ ಕಾಲಂ ಇರಲಿಲ್ಲ.

ಹಾಗಾಗಿ ಅಭಿಪ್ರಾಯದ ಉಳಿದರ್ಧ ಇದು. ಯಾವ ಪಿಸ್ತೂಲು ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದನ್ನು ಕೇಳದೆ ಪಟ್ಟಿ ಮಾಡಿಕೊಡುವವನು, ಅಂದರೆ ನಾನು, ಸಹಾಯ ಮಾಡುತ್ತಿಲ್ಲ.

ಕೇಳುವುದು ಕಷ್ಟವಾಯಿತು. ನಮ್ಮ ಕಡೆ ಭಾವನ ಹತ್ತಿರ ತಮಾಷೆ ಮಾಡ್ತೀವಿ, ಸಾಲ ಕೇಳ್ತೀವಿ, ಇಂಥದ್ದು ಕೇಳಲ್ಲ. ಅಂಗಡಿಗೇ ಹೋದೆ. ಕಾಫಿ ಮೆಷೀನ್ ಹತ್ತಿರ ನಿಂತು, "ಭಾವ, ತಪ್ಪು ತಿಳ್ಕೋಬೇಡಿ. ಸಾಯ್ಬೇಕು ಅಂತ ಏನಾದ್ರೂ ಅನ್ಸಿದ್ಯಾ ನಿಮ್ಗೆ?" ಅಂತ ನೇರವಾಗಿ ಕೇಳಿದೆ. ಅವರು ಕಪ್ಪುಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇದ್ದರು. ಒಬ್ಬ ಗಿರಾಕಿ ಬಂದು ಹಾಲು ತಗೊಂಡು ಹೋದ. ಆಮೇಲೆ, "ಒಂದೆರಡು ಸಲ" ಅಂದರು.

ಮೂರು ವಾರದ ಹಿಂದಿನ ಮಾತು ಇದು. ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದಿದ್ದಾರೆ, ಎರಡನೇ ಸಲ ನಾನೇ ಕರಕೊಂಡು ಹೋಗಿದ್ದೆ. ಅಂಗಡಿಗೆ ಕೌಂಟರ್ ಕೆಳಗೆ ಒಂದು ತಿಜೋರಿ ಬಂತು, ನೋಟು ಒಳಗೆ ತುರುಕಬಹುದು, ತಕ್ಷಣ ತೆಗೆಯಕ್ಕೆ ಬರಲ್ಲ. ಗಾಜಿನ ಮೇಲೆ ಆ ಬಗ್ಗೆ ಚೀಟಿ ಅಂಟಿಸಿದ್ದಾರೆ. ಬಾಗಿಲು ಈಗ ಹತ್ತಕ್ಕೇ ಹಾಕ್ತಾರೆ, ಪಾರ್ಟ್‌ನರ್ ಗೊಣಗುತ್ತಿದ್ದಾನಂತೆ. ಪಿಸ್ತೂಲು ತಂದಿಲ್ಲ. ಬೇಡ ಅಂತಲೂ ಹೇಳಿಲ್ಲ, "ಡಿಸೆಂಬರ್ ಕಳೀಲಿ, ನೋಡಣ" ಅಂದಿದ್ದಾರೆ. ಎಕ್ಸೆಲ್ ಕಳಿಸು ಅಂತ ಮೊನ್ನೆ ಮತ್ತೆ ಕೇಳಿದರು. ಕಳಿಸಿಲ್ಲ.

ನಿಮ್ಮಲ್ಲಿ ಯಾರಾದರೂ ಇಲ್ಲಿ ರಾತ್ರಿ ಅಂಗಡಿ ನಡೆಸುತ್ತಿದ್ದರೆ, ಆ ತಿಜೋರಿ ಬಗ್ಗೆ, ಕ್ಯಾಮೆರಾ ಬಗ್ಗೆ ಗೊತ್ತಿದ್ದದ್ದನ್ನು ಕೆಳಗೆ ಬರೆಯಿರಿ, ಭಾವನಿಗೆ ಓದಿ ಹೇಳ್ತೀನಿ. ಮಳೆಯ ಲೇಖನ ಮುಂದಿನ ವಾರ, ಖಂಡಿತ :-)