ಗೆಳೆಯರಿಗೆ ಯಾವ ಗೋತ್ರ?

ಕೆಜಿಎಫ್ ಪಕ್ಕದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಭಾನುವಾರ ವಾಹನಗಳನ್ನು ನೋಡಿಯೇ ಯಾರು ಯಾರ ಜೊತೆ ಬಂದಿದ್ದಾರೆಂದು ಹೇಳಿಬಿಡಬಹುದು. ಕಾರಿನಿಂದ ಇಳಿಯುವುದು ಸಂಸಾರ. ಟೆಂಪೊ ಟ್ರಾವೆಲರ್‌ನಿಂದ ಇಳಿಯುವುದು ಒಂದು ಬೀದಿ, ಇಲ್ಲವೇ ಒಂದು ಚೀಟಿ ಗುಂಪು. ನಾಲ್ಕೈದು ಬೈಕುಗಳಲ್ಲಿ ಒಟ್ಟಿಗೆ ಬಂದು ನಿಲ್ಲುವವರು ಗೆಳೆಯರು. ಹಿರಿಯರಿಗೆ ಅನುಮಾನವಿರುವುದು ಈ ಕೊನೆಯವರ ಮೇಲೆ. 108 ಅಡಿ ಲಿಂಗದ ಮುಂದೆ ಕೈ ಮುಗಿದದ್ದಕ್ಕಿಂತ ಫೋಟೊ ತೆಗೆದುಕೊಂಡದ್ದೇ ಹೆಚ್ಚು. ಅಲ್ಲಿಂದ ಗುಟ್ಟಹಳ್ಳಿಯ ಬಂಗಾರು ತಿರುಪತಿ, ಕುರುಡುಮಲೆ ಗಣಪತಿ. ಸಂಜೆಗೆ ಬಂಗಾರಪೇಟೆಯಲ್ಲಿ ಬಣ್ಣವಿಲ್ಲದ ನೀರಿನ ಪಾನಿಪುರಿ. ‘ಇದು ಯಾತ್ರೆನಾ, ಟ್ರಿಪ್ಪಾ?’ ಎಂದು ಮನೆಯಲ್ಲಿ ಕೇಳುತ್ತಾರೆ.

ಪ್ರಶ್ನೆ ಹಳೆಯದು, ಆದರೆ ಅದಕ್ಕೆ ತಳವಿಲ್ಲ. ಯಾತ್ರೆಯಲ್ಲಿ ಭಕ್ತಿ ಮಾತ್ರ ಇದ್ದ ಕಾಲ ನಮ್ಮ ಸೀಮೆಯಲ್ಲಿ ಯಾವುದಿತ್ತು? ಶಿವರಾತ್ರಿಯ ಸುಮಾರಿಗೆ ಆವಣಿಯಲ್ಲಿ ರಾಮಲಿಂಗೇಶ್ವರನ ತೇರು ಎಳೆಯುವಾಗಲೇ ದನಗಳ ಜಾತ್ರೆಯೂ ಕೂಡುತ್ತದೆ. ರೈತ ಎತ್ತಿನ ಹಲ್ಲು ಹಿಡಿದು ನೋಡುತ್ತಾನೆ, ಬೆಲೆ ಕುದುರಿಸುತ್ತಾನೆ, ಕೈ ತೊಳೆದುಕೊಂಡು ಹಣ್ಣುಕಾಯಿ ಮಾಡಿಸುತ್ತಾನೆ. ಅವನನ್ನು ಯಾರೂ ದೇವರಿಗೆ ಬಂದೆಯೋ ಎತ್ತಿಗೆ ಬಂದೆಯೋ ಎಂದು ಕೇಳುವುದಿಲ್ಲ. ವ್ಯಾಪಾರಕ್ಕೆ ಇರುವ ಜಾಗ ಗೆಳೆತನಕ್ಕೆ ಯಾಕಿಲ್ಲ? ಹಾಗಾಗಿ ನಾನು ಕೇಳಬಯಸುವುದು ಬೇರೆಯದನ್ನೇ: ಕೂಡಿ ದೇವರಿಗೆ ಹೋಗುವುದರಿಂದ ಗೆಳೆತನಕ್ಕೆ ಏನಾಗುತ್ತದೆ?

ಮೊದಲನೆಯದಾಗಿ, ಅದಕ್ಕೊಂದು ಮರ್ಯಾದೆ ಸಿಗುತ್ತದೆ. ಹುಟ್ಟಿದರೆ ನಾಮಕರಣ, ಕೂಡಿದರೆ ಮದುವೆ, ಸತ್ತರೆ ತಿಥಿ. ಎಲ್ಲ ಕಾರ್ಯಗಳೂ ಮನೆತನಕ್ಕೆ, ಕುಲಕ್ಕೆ ಸೇರಿದವು. ಗೆಳೆಯನಿಗೆ ಅಲ್ಲಿ ಬಡಿಸುವ ಕೆಲಸ ಬಿಟ್ಟರೆ ಬೇರೇನೂ ಇಲ್ಲ. ಸಾಂಬಶಿವಮೂರ್ತಿ ಸ್ವಾಮಿಗಳು 1980ರಲ್ಲಿ ಶುರುಮಾಡಿದ ಕೋಟಿಲಿಂಗೇಶ್ವರದಲ್ಲಿ ಭಕ್ತರು ತಮ್ಮ ಹೆಸರಲ್ಲಿ ಲಿಂಗ ಪ್ರತಿಷ್ಠೆ ಮಾಡಿಸಬಹುದು. ತೀರಿಹೋದ ಅಪ್ಪನ ಹೆಸರಲ್ಲಿ, ಹುಟ್ಟಿದ ಮಗುವಿನ ಹೆಸರಲ್ಲಿ ಮಾಡಿಸುವುದನ್ನು ಕೇಳುತ್ತೇವೆ. ಸ್ನೇಹಿತನ ಹೆಸರಲ್ಲಿ ಮಾಡಿಸಿದವರ ಸುದ್ದಿ ಅಪರೂಪ. ನಲವತ್ತು ದಾಟಿದವನು ‘ಫ್ರೆಂಡ್ಸ್ ಜೊತೆ ಎರಡು ದಿನ ಇದ್ದು ಬರ್ತೀನಿ’ ಎಂದರೆ ಮನೆಯಲ್ಲಿ ಹತ್ತು ಪ್ರಶ್ನೆ. ‘ತಿರುಪತಿಗೆ ಹೋಗ್ತಿದೀವಿ’ ಎಂದರೆ ‘ನಮ್ಮದೂ ಒಂದು ಕಾಣಿಕೆ ಹಾಕಿಬಿಡು’ ಅನ್ನುತ್ತಾರೆ. ಬೆಳೆದವರ ಗೆಳೆತನಕ್ಕೆ ರಜಾ ಮಂಜೂರು ಮಾಡುವ ಅಧಿಕಾರ ನಮ್ಮಲ್ಲಿ ದೇವರೊಬ್ಬನಿಗೇ ಇದ್ದಂತಿದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾದಾಗ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ತುಂಬಿ ತುಳುಕಿದವು. ‘ಮನೆ ಬಿಟ್ಟು ದೇವಸ್ಥಾನ ಸುತ್ತೋಕೆ ಹೊರಟರು’ ಎಂದು ನಕ್ಕವರು ಬಹಳ. ಆ ಬಸ್ಸುಗಳಲ್ಲಿ ಇದ್ದ ಹೊಸ ಸಂಗತಿ ಅವರ ಕಣ್ಣಿಗೆ ಬೀಳಲಿಲ್ಲ: ಗಂಡ, ಮಕ್ಕಳು ಯಾರೂ ಇಲ್ಲದೆ ಅಕ್ಕಪಕ್ಕದ ಮನೆಯ ನಾಲ್ಕು ಜನ ಗೆಳತಿಯರು ಒಂದೇ ಸೀಟಿಗೆ ಒತ್ತಿಕೊಂಡು ಕೂತಿದ್ದರು. ಕೋಲಾರದ ಕಡೆ ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿನ ಓಂ ಶಕ್ತಿಗೆ ಹೊರಡುವ ಹೆಂಗಸರ ಗುಂಪುಗಳು ಈ ದಾರಿಯನ್ನು ಮೊದಲೇ ಕಂಡುಕೊಂಡಿದ್ದವು. ಮುಟ್ಟಿನ ಕಾರಣಕ್ಕೆ ಯಾರನ್ನೂ ಹೊರಗೆ ನಿಲ್ಲಿಸದ ಕ್ಷೇತ್ರ ಅದು. ಕ್ಯಾಲೆಂಡರ್ ನೋಡಿ ಗೆಳತಿಯನ್ನು ಬಿಟ್ಟು ಹೋಗುವ ಸಂಕಟ ಅಲ್ಲಿಲ್ಲ.

ಕೆಜಿಎಫ್‌ನಲ್ಲಿ ಗೆಳೆಯರು ಕೂಡಿ ದೇವರಿಗೆ ಹೋಗುವುದಕ್ಕೆ ಇನ್ನೊಂದು ಭಾರವಿದೆ. ಇಲ್ಲಿ ಜನರನ್ನು ಕೂಡಿಸಿದ್ದು ಕೆಲಸ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ರೈಲು ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು, ತಮಿಳು, ತೆಲುಗು, ಕನ್ನಡದ ಜನ ಒಂದೇ ಗಣಿಯೊಳಗೆ ಇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಶಿಫ್ಟಿನ ಸೈರನ್ ನಿಂತಿತು. ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಓಡಾಡತೊಡಗಿದರು. ಈಗಿನ ಗೆಳೆತನಗಳು ಹುಟ್ಟುವುದು ಆ ಬೋಗಿಗಳಲ್ಲಿ, ಸೀಟು ಹಿಡಿಯುವುದರಲ್ಲಿ, ತಿಂಡಿ ಡಬ್ಬಿ ಬಿಚ್ಚುವುದರಲ್ಲಿ. ಇಳಿದ ಮೇಲೆ ಒಬ್ಬೊಬ್ಬರದು ಒಂದೊಂದು ದಿಕ್ಕು. ಅಂಥವರು ವರ್ಷಕ್ಕೊಮ್ಮೆ ವ್ಯಾನ್ ಮಾಡಿಕೊಂಡು ದೇವರಿಗೆ ಹೋದರೆ, ಕಳೆದುಹೋದ ಕೂಡುಜಾಗವನ್ನು ಮತ್ತೆ ಮಾಡಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಇಷ್ಟಕ್ಕೇ ಯಾತ್ರೆ ಎಲ್ಲರನ್ನೂ ಸಮ ಮಾಡುತ್ತದೆ ಎಂದುಬಿಡುವುದು ಸುಲಭ. ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಯಾತ್ರೆಯಲ್ಲಿ ಮೇಲುಕೀಳು ಸಡಿಲಿ ಒಂದು ಸಮಾನ ಬಾಂಧವ್ಯ ಮೂಡುತ್ತದೆಂದು ಬರೆದರು. ಆದರೆ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ತಾವೇ ನಡೆದು ಕಂಡದ್ದು ಬೇರೆ: ದಾರಿಯುದ್ದಕ್ಕೂ ಒಂದೇ ವಿಠಲನ ಭಜನೆ, ಅಡುಗೆ ಊಟ ಮಾತ್ರ ಜಾತಿಗೊಂದು ಕಡೆ. ಗಣಿಯ ಕಥೆಯೂ ಅಷ್ಟೇ. ಭೂಮಿಯೊಳಗೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿತ್ತು. ಮೇಲೆ ಬಂದರೆ ಅಧಿಕಾರಿಗಳಿಗೆ ಬಂಗಲೆ, ಕೂಲಿಗಳಿಗೆ ಲೈನ್ ಮನೆ. ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘಕ್ಕೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲಿ ಶಾಖೆಗಳು ಹುಟ್ಟಿದ್ದು ಸುಮ್ಮನೆ ಅಲ್ಲ. ಗುಡಿಯ ಬಾಗಿಲಲ್ಲಿ ಸಿಗದ ಸಮಾನತೆಯನ್ನು ಇಲ್ಲಿನ ದಲಿತ ಕಾರ್ಮಿಕರು ಬೇರೆ ಕಡೆ ಹುಡುಕಿದ್ದರು.

ಆದ್ದರಿಂದ ಕೂಡಿ ಹೋದದ್ದರಲ್ಲಿ ದೊಡ್ಡದೇನಿಲ್ಲ. ಹೋದಲ್ಲಿ ಹೇಗೆ ನಿಂತರು ಎಂಬುದು ಮುಖ್ಯ. ಅರ್ಚನೆ ಮಾಡಿಸುವ ಕ್ಷಣವನ್ನೇ ನೋಡಿ. ಅರ್ಚಕರು ತಟ್ಟೆ ಹಿಡಿದು ಕೇಳುತ್ತಾರೆ: ‘ಗೋತ್ರ, ನಕ್ಷತ್ರ?’ ಒಬ್ಬ ಥಟ್ಟನೆ ಕಾಶ್ಯಪ ಅನ್ನುತ್ತಾನೆ. ಇನ್ನೊಬ್ಬ ಭಾರದ್ವಾಜ. ಮೂರನೆಯವನು ತಲೆ ಕೆರೆದುಕೊಳ್ಳುತ್ತಾನೆ. ‘ಗೊತ್ತಿಲ್ಲಾಂದ್ರೆ ಶಿವಗೋತ್ರ ಅನ್ನಿ’ ಎಂದು ಅರ್ಚಕರು ದಾರಿ ತೋರುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಹತ್ತು ವರ್ಷ ಒಂದೇ ಬೋಗಿಯಲ್ಲಿ ಕೂತು ಬಂದವರ ನಡುವೆ, ಯಾರು ಯಾವ ಜನ ಎಂಬುದು ಅರೆನಿಮಿಷದಲ್ಲಿ ಬಯಲಾಗುತ್ತದೆ. ಸಂಕಲ್ಪದಲ್ಲಿ ಸಹಕುಟುಂಬಕ್ಕೆ ಜಾಗವಿದೆ, ಸ್ನೇಹಿತರಿಗಿಲ್ಲ. ಇದಕ್ಕೆ ಉಪಾಯವನ್ನೂ ನಮ್ಮ ಜನವೇ ಕಂಡುಕೊಂಡಿದ್ದಾರೆ. ‘ಸ್ವಾಮಿ ಹೆಸರಿಗೇ ಮಾಡಿಬಿಡಿ’ ಎಂದರಾಯಿತು. ಅರ್ಚನೆ ದೇವರ ಹೆಸರಿಗೇ ನಡೆಯುತ್ತದೆ, ಮಂಗಳಾರತಿ ಎಲ್ಲರಿಗೂ ಬರುತ್ತದೆ. ಈ ಮಾತು ಕಾಶ್ಯಪ ಗೋತ್ರದವನ ಬಾಯಿಂದ ಮೊದಲು ಬರಬೇಕು.

ಹಣದ್ದೂ ಹೀಗೆಯೇ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ದರ್ಶನದ ಸಾಲು ಒಂದು ಕಡೆ, ಸರ್ವದರ್ಶನದ ಸಾಲು ಇನ್ನೊಂದು ಕಡೆ. ಎಂಟು ಜನರಲ್ಲಿ ಮೂವರು ಟಿಕೆಟ್ ಕೊಂಡರೆ ಗುಂಪು ಅಲ್ಲೇ ಒಡೆಯಿತು. ಮತ್ತೆ, ಗುಡಿಯೊಳಗೆ ಬರಲು ಒಪ್ಪದ ಒಬ್ಬ ಗೆಳೆಯ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಕೆಜಿಎಫ್‌ನಲ್ಲಂತೂ ಅವನು ಕ್ರೈಸ್ತನೋ ಬೌದ್ಧನೋ ಆಗಿರಬಹುದು. ‘ನೀನು ಚಪ್ಪಲಿ ನೋಡ್ಕೊಂಡಿರು ಮಗಾ’ ಎಂದು ಪ್ರತಿ ಗುಡಿಯಲ್ಲೂ ಅವನಿಗೇ ಹೇಳಿದರೆ ತಮಾಷೆಯ ದನಿಯಲ್ಲಿ ಒಂದು ಪದ್ಧತಿ ಬೇರೂರುತ್ತದೆ.

‘ಎರಡು ದಿನ ಖುಷಿಯಾಗಿ ಹೋಗಿಬರೋಕೆ ಇಷ್ಟೆಲ್ಲ ಲೆಕ್ಕಾಚಾರ ಬೇಕಾ?’ ಎಂದು ಕೇಳಬಹುದು. ಶಬರಿಮಲೆಯನ್ನು ನೋಡಿ. ಅಲ್ಲಿಗೆ ಹೊರಟವರ ನಡುವೆ ಮಾಲೀಕ, ಡ್ರೈವರ್ ಎಂಬ ಭೇದ ಮಸುಕಾಗುತ್ತದೆ ಎನ್ನುತ್ತೇವಲ್ಲ, ಅದು ದಾರಿಯಲ್ಲಿ ತಾನಾಗಿ ಆದದ್ದಲ್ಲ. 41 ದಿನದ ವ್ರತ, ಬರಿಗಾಲು, ಎಲ್ಲರನ್ನೂ ‘ಸ್ವಾಮಿ’ ಎಂದೇ ಕರೆಯುವುದು, ಇವೆಲ್ಲ ಹೊರಡುವ ಮೊದಲೇ ಒಪ್ಪಿಕೊಂಡ ಕಟ್ಟಳೆಗಳು. ಕಟ್ಟಳೆ ಇರುವಷ್ಟು ದಿನ ಸಮಾನತೆ. ಮಾಲೆ ತೆಗೆದ ಮರುದಿನ ‘ಸ್ವಾಮಿ’ ಮತ್ತೆ ಡ್ರೈವರ್. ಕಟ್ಟಳೆ ಯಾರನ್ನು ಹೊರಗಿಡುತ್ತದೋ ಅವರಿಗೆ ಆ ಸಮಾನತೆಯೂ ಇಲ್ಲ. ಹತ್ತರಿಂದ ಐವತ್ತರವರೆಗಿನ ಹೆಣ್ಣುಮಕ್ಕಳ ಪ್ರವೇಶದ ವಿವಾದ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರವೂ ಮುಗಿಯಲಿಲ್ಲ. ಗೆಳೆಯರಿಗೆ ಇರುವ ಅನುಕೂಲವೆಂದರೆ ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ.

ದೇವರ ಜೊತೆ ಏಕಾಂತ ಬೇಕೆನ್ನುವವರು ಒಬ್ಬರೇ ಹೋಗಲಿ. ಗೆಳೆಯರೊಂದಿಗೆ ಹೋಗುವವರ ಭಕ್ತಿ ಎಷ್ಟು ಎಂದು ಅಳೆಯುವುದು ನಮ್ಮ ಕೆಲಸವಲ್ಲ. ಅವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು ಕೆಲವೇ ಮಾತು: ಖರ್ಚು ಕೈಲಾಗದವನಿಗೆ ತಕ್ಕಂತೆ ಇದೆಯೇ? ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆಯೇ? ಅರ್ಚನೆ ಯಾರ ಹೆಸರಿಗೆ? ಹೊರಗೆ ನಿಂತವನ ಜೊತೆ ನಿಲ್ಲುವ ಸರದಿ ಯಾರದು? ವ್ಯಾನಿಗೆ ಅಡ್ವಾನ್ಸ್ ಕೊಡುವ ದಿನವೇ ಇಷ್ಟನ್ನು ಮಾತಾಡಿಕೊಂಡರೆ, ಅದನ್ನು ಟ್ರಿಪ್ಪು ಎಂದು ಕರೆದರೂ ನಷ್ಟವಿಲ್ಲ.